ಕುಡಿತ ಬಿಡಿಸುವ ದವಾಖಾನೆ ಪೇಟೆ ನಡುವೆಯೇ ಇರಲಿ

ಕಾರವಾರದ ಬಸ್ ನಿಲ್ದಾಣದಿಂದ ಗ್ರೀನ್ ಸ್ಟ್ರೀಟ್ ಕಡೆಗೆ ಬರುವ ದಾರಿಯಲ್ಲಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಜಾಗ ಖಾಲಿ ಇದೆ. ಮುಂಚೆ ಅಲ್ಲಿ ಟ್ಯೂಷನ್ ಕ್ಲಾಸ್ ನಡೀತಿತ್ತು. ಈಗ ಒಬ್ಬ ಮನೋವೈದ್ಯರು ಆ ಜಾಗವನ್ನು ಬಾಡಿಗೆಗೆ ಕೇಳಿದ್ದಾರೆ. ಕುಡಿತ, ಗಾಂಜಾ, ತಂಬಾಕು ಇಂಥ ಚಟಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ ಮಾಡುತ್ತಾರಂತೆ. ಹಾಸಿಗೆ ಇರುವುದಿಲ್ಲ, ರಾತ್ರಿ ಯಾರೂ ಉಳಿಯುವುದಿಲ್ಲ. ಡಾಕ್ಟರು, ಒಬ್ಬ ಕೌನ್ಸೆಲರ್, ಒಬ್ಬ ನರ್ಸ್, ಅಷ್ಟೇ. ಸುದ್ದಿ ಹಬ್ಬಿದ ಮೇಲೆ ಆಸುಪಾಸಿನ ಅಂಗಡಿಯವರೆಲ್ಲ ಒಂದು ಸಂಜೆ ಸೇರಿದ್ದೆವು. ಹೆಚ್ಚಿನವರ ಮಾತು ಒಂದೇ ಆಗಿತ್ತು: "ಕೆಲಸ ಒಳ್ಳೆಯದೇ. ಆದ್ರೆ ಇಲ್ಲಿ ಬೇಡ ಮಾರಾಯ್ರೆ, ಊರ ಹೊರಗೆ ಎಲ್ಲಾದ್ರೂ ಮಾಡ್ಲಿ."

ನನ್ನದು ಅದೇ ಸಾಲಿನಲ್ಲಿರುವ ಔಷಧಿ ಅಂಗಡಿ. ಆ ಸಂಜೆ ನಾನು ಸ್ವಲ್ಪ ಮಾತಾಡಿದೆ. ಅಂಗಡಿ ಬಾಗಿಲು ಹಾಕುವ ಹೊತ್ತಲ್ಲಿ ಯಾರಿಗೂ ಪೂರ್ತಿ ಕೇಳುವ ವ್ಯವಧಾನ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ದವಾಖಾನೆ ಪೇಟೆಯಲ್ಲೇ ಇರಬೇಕು. ಪೇಟೆಯಲ್ಲಿ ಇದ್ದರೂ ನಡೆಯುತ್ತದೆ ಅಂತ ಅಲ್ಲ, ಪೇಟೆಯಲ್ಲಿ ಇದ್ದರೆ ಮಾತ್ರ ಅದು ಸರಿಯಾಗಿ ನಡೆಯುತ್ತದೆ ಅನ್ನುವುದು ನನ್ನ ಮಾತು.

ಔಷಧಿ ಅಂಗಡಿಯ ಕೌಂಟರಿನಿಂದ ನೋಡಿದರೆ ಊರಿನ ಕುಡಿತದ ಇನ್ನೊಂದು ಮುಖ ಕಾಣುತ್ತದೆ. ಬಾರಿನವರು ಸಂಜೆಯನ್ನು ನೋಡುತ್ತಾರೆ, ನಾವು ಬೆಳಿಗ್ಗೆಯನ್ನು ನೋಡುತ್ತೇವೆ. ಶಟರ್ ಎತ್ತಿದ ಕೂಡಲೇ ಬರುವ ಕೆಲವರ ಕೈ ನಡುಗುತ್ತಿರುತ್ತದೆ. ಚಿಲ್ಲರೆ ಎಣಿಸಿ ಕೊಡಲು ಆಗುವುದಿಲ್ಲ. ಜೇಬಿನಲ್ಲಿ ಇದ್ದದ್ದನ್ನೆಲ್ಲ ಗಾಜಿನ ಮೇಲೆ ಸುರಿದು "ನೀವೇ ತಗೊಳ್ಳಿ ಅಣ್ಣಾ" ಅನ್ನುತ್ತಾರೆ. ಹಣೆ ಮೇಲೆ ಬೆವರು. ಕಣ್ಣು ಎತ್ತಿ ನೋಡುವುದಿಲ್ಲ. ಕೇಳುವುದು ಆಸಿಡಿಟಿ ಮಾತ್ರೆ, ತಲೆನೋವಿನ ಮಾತ್ರೆ. ಕೊನೆಗೆ, ದನಿ ತಗ್ಗಿಸಿ, ನಿದ್ದೆ ಮಾತ್ರೆ. ಅದನ್ನು ನಾನು ಕೊಡುವುದಿಲ್ಲ. ಕುಡಿತ ನಿಲ್ಲಿಸುವಾಗ ಡಾಕ್ಟರು ಬರೆದು ಕೊಡುವ ಕ್ಲೋರ್‌ಡಯಜೆಪಾಕ್ಸೈಡ್ ಇರಲಿ, ಡಯಜೆಪಾಮ್ ಇರಲಿ, ಎರಡೂ ಸರ್ಕಾರದ ಎಚ್1 ಪಟ್ಟಿಯ ಔಷಧಿಗಳು. ಚೀಟಿ ಬೇಕು. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಯಮ ಸರಿಯಾಗಿಯೇ ಇದೆ. ಈ ಮಾತ್ರೆ ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಆದರೆ ಎದುರಿಗೆ ನಿಂತ ಮನುಷ್ಯನಿಗೆ 'ಇಲ್ಲ' ಅಂದ ಮೇಲೆ ಮುಂದೆ ಏನು ಹೇಳಬೇಕು? ಅವನು ಹೊರಟು ಹೋಗುತ್ತಾನೆ. ಎಲ್ಲಿಗೆ ಹೋಗುತ್ತಾನೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಇನ್ನೊಂದು ಗುಂಪು ಹೆಂಗಸರದ್ದು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿಕೊಂಡು ಬರುತ್ತಾರೆ. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಅಂತ ಗೋಡೆ ಮೇಲೆ, ಲೈಟ್ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಓದಿ ಬಂದವರು. ಅಂಕೋಲೆ ಕಡೆಯ ಒಬ್ಬ ಅಮ್ಮ, ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಮೆಟ್ಟಿಲ ಬದಿಗೆ ಇಟ್ಟು ಕೇಳಿದ್ದರು: "ತಮಾ, ಚಾಯಲ್ಲಿ ಹಾಕೂ ಪುಡಿ ಅದ್ಯಾ? ಅಂವಂಗೆ ಗೊತ್ತಾಗೂಕಾಗ." ಮಗನಿಗೆ. ಮೂವತ್ತು ದಾಟಿದ ಮಗ.

ಆ ಪುಡಿಯಲ್ಲಿ ಏನಿದೆ ಅಂತ ಯಾರೂ ಹೇಳಲಾರರು. ಡೈಸಲ್ಫಿರಾಮ್ ಅನ್ನುವ ನಿಜವಾದ ಔಷಧಿ ಒಂದಿದೆ. ಅದನ್ನು ತೆಗೆದುಕೊಳ್ಳುವವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಬಿ.ಪಿ. ಇಳಿದು ಜೀವಕ್ಕೇ ಅಪಾಯ ಆಗಬಹುದು. ಔಷಧಿ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ಅಪಾಯ ಉಳಿಯಬಹುದು. ಅದಕ್ಕೇ ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಮಾತ್ರ ಕೊಡುತ್ತಾರೆ. ಗೊತ್ತಿಲ್ಲದೆ ಚಹಾದಲ್ಲಿ ಹಾಕಿದರೆ ಆ ಮಗ ಸಂಜೆ ಎಂದಿನಂತೆ ಕುಡಿದು ಎಲ್ಲೋ ಬಿದ್ದಿರುತ್ತಿದ್ದ. ಇದನ್ನೆಲ್ಲ ಆ ಅಮ್ಮನಿಗೆ ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದೆ. "ಯಾವ ಡಾಕ್ಟರು? ಎಲ್ಲದೆ?" ಅಂದರು. ಅಂಕೋಲೆ ಬಸ್ಸಿಗೆ ಹೊತ್ತಾಗಿತ್ತು. ಬುಟ್ಟಿ ಎತ್ತಿಕೊಂಡು ಹೋದರು.

ಮೇಲಿನ ಮಹಡಿಯಲ್ಲಿ ಒಬ್ಬ ಡಾಕ್ಟರು ಕೂತಿದ್ದರೆ ನಾನೇ ಜೊತೆಗೆ ಹತ್ತಿ ತೋರಿಸಿ ಬರುತ್ತಿದ್ದೆ. ಮಗ ಬಾರದಿದ್ದರೂ ತಾಯಿ ಒಬ್ಬಳೇ ಹೋಗಿ ಮಾತಾಡಬಹುದಿತ್ತು. ಮನೆಯವರು ಮೊದಲು ಬಂದು, ಅವರ ಮೂಲಕ ಕುಡಿಯುವವನು ನಿಧಾನಕ್ಕೆ ಬರುವುದು ಈ ಚಿಕಿತ್ಸೆಯಲ್ಲಿ ತೀರಾ ಸಾಮಾನ್ಯ. ಆ ಮೊದಲ ಭೇಟಿಗೆ ಯಾರೂ ಊರ ಹೊರಗಿನ ಶಿರವಾಡದ ಆಚೆಗೆ ಆಟೋ ಮಾಡಿಕೊಂಡು ಹೋಗುವುದಿಲ್ಲ. ಮೀನು ಮಾರಿ, ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಆಗಬೇಕಾದ ಭೇಟಿ ಅದು.

ಕುಡಿತ ಬಿಡುವ ಮನಸ್ಸು ನಮ್ಮ ಜನರಲ್ಲಿ ಇಲ್ಲ ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಿಡುತ್ತಲೇ ಇರುತ್ತಾರೆ. ಅಯ್ಯಪ್ಪ ಮಾಲೆ ಹಾಕಿದಾಗ ಬಿಡುತ್ತಾರೆ. ಹೆಂಡತಿ ತವರಿಗೆ ಹೋದ ಮೇಲೆ ಬಿಡುತ್ತಾರೆ. ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋದಾಗ ವಾರಗಟ್ಟಲೆ ಬಿಡಬೇಕಾಗುತ್ತದೆ. ಬಿಟ್ಟ ಮೊದಲ ನಾಲ್ಕೈದು ದಿನ ಮೈಯಲ್ಲಿ ಏನಾಗುತ್ತದೆ ಅಂತ ಅವರಿಗೆ ಹೇಳುವವರು ಇಲ್ಲ, ತೊಂದರೆ ಅಲ್ಲಿರುವುದು. ಬೈತಖೋಲ ಬಂದರಿನ ಒಬ್ಬರು ಹೇಳಿದ್ದು ನೆನಪಿದೆ. ಅವರ ಬೋಟಿನಲ್ಲಿ ಒಬ್ಬ ಹುಡುಗನಿಗೆ ಹೊರಟ ಮಾರನೇ ದಿನ ಫಿಟ್ಸ್ ಬಂತು. ಸಮುದ್ರದ ದೆವ್ವ ಮೆಟ್ಟಿತು ಅಂದುಕೊಂಡು ತಿರುಗಿ ಬಂದರಂತೆ. ದಿನಾ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಇನ್ನೂ ಕೆಟ್ಟ ಸ್ಥಿತಿ ಅಂದರೆ ಭ್ರಮೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತಾಡುವುದು, ಜ್ವರ. ಅದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗಬಹುದು.

ರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಹಗ್ಗ ತುಂಡಾದರೆ ಎಳೆಯುವವರೆಲ್ಲ ಹಿಂದಕ್ಕೆ ಬೀಳುತ್ತಾರಲ್ಲ, ಮಿದುಳಿಗೂ ಹಾಗೇ ಆಗುತ್ತದೆ. ವರ್ಷಗಟ್ಟಲೆ ಮದ್ಯ ಒಂದು ಕಡೆಗೆ ಎಳೆದಿರುತ್ತದೆ, ಮಿದುಳು ಇನ್ನೊಂದು ಕಡೆಗೆ ಎಳೆದು ಸಮ ಮಾಡಿಕೊಂಡಿರುತ್ತದೆ. ಮದ್ಯ ಥಟ್ಟನೆ ಇಲ್ಲವಾದರೆ ಆ ಎಳೆತಕ್ಕೆ ತಡೆಯೇ ಇರುವುದಿಲ್ಲ. ಆ ನಾಲ್ಕೈದು ದಿನಗಳನ್ನು ಔಷಧಿ ಕೊಟ್ಟು, ಬಿ1 ವಿಟಮಿನ್ ಕೊಟ್ಟು, ಪ್ರಮಾಣ ಇಳಿಸುತ್ತಾ ದಾಟಿಸಬಹುದು. ದೊಡ್ಡ ಆಸ್ಪತ್ರೆಯ ದೊಡ್ಡ ಯಂತ್ರ ಏನೂ ಬೇಡ. ಹಿಂದೆ ಫಿಟ್ಸ್ ಬಂದವರು, ಭ್ರಮೆ ಹಿಡಿದವರು, ಲಿವರ್ ಹಾಳಾದವರು, ಇಂಥವರು ಆಸ್ಪತ್ರೆಗೆ ಸೇರಲೇಬೇಕು. ನಮ್ಮ ಜಿಲ್ಲಾ ಆಸ್ಪತ್ರೆ ಊರೊಳಗೇ ಇದೆ, ಈಗ ಮೆಡಿಕಲ್ ಕಾಲೇಜಿನ ಜೊತೆಗೆ ಇದೆ, ಅದು ನಮ್ಮ ಅದೃಷ್ಟ. ಉಳಿದವರಿಗೆ ಬೇಕಾದದ್ದು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋಗಿ ಕೂತು ಮಾತಾಡಬಹುದಾದ ಒಂದು ಕೋಣೆ.

ಈ ಕೋಣೆ ಎಷ್ಟು ಜನರಿಗೆ ಸಿಗುತ್ತಿದೆ? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ದೇಶವಿಡೀ ಸಮೀಕ್ಷೆ ಮಾಡಿದ್ದರು. 2019ರಲ್ಲಿ ಅದರ ವರದಿ ಬಂತು. 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದ ತೊಂದರೆಗೆ ಸಹಾಯ ಬೇಕು ಅಂತ ಅದರಲ್ಲಿದೆ. ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದೋ ಒಂದು ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ಸೇರಿ ಪಡೆದವರು 180ರಲ್ಲಿ ಒಬ್ಬರು. ಈ ಅಂಕಿ ಓದಿದ ದಿನದಿಂದ ನಾನು ಬೆಳಗಿನ ಗಿರಾಕಿಗಳನ್ನು ನೋಡುವ ರೀತಿಯೇ ಬದಲಾಗಿದೆ. ಗಾಜಿನ ಮೇಲೆ ಚಿಲ್ಲರೆ ಸುರಿಯುವವರೆಲ್ಲ ಉಳಿದ 37ರಲ್ಲಿ ಸೇರಿದವರು.

ನಮ್ಮ ಕಡೆ ಹಿಂದಿನಿಂದಲೂ ಮನಸ್ಸಿನ ಕಾಯಿಲೆ ಅಂದರೆ ಧಾರವಾಡ. 150 ಕಿ.ಮೀ.ಗಿಂತ ಜಾಸ್ತಿ ದೂರ, ಘಟ್ಟ ಹತ್ತಬೇಕು. ಅಲ್ಲದಿದ್ದರೆ ಮಣಿಪಾಲ, ಇಲ್ಲವೇ ಗೋವಾದ ಬಾಂಬೋಳಿ. 'ಧಾರವಾಡಕ್ಕೆ ಹಾಕ್ಬೇಕು' ಅನ್ನುವ ಬೈಗುಳ ಕೇಳಿ ಬೆಳೆದವರು ನಾವು. ಅಲ್ಲಿನ ಡಾಕ್ಟರುಗಳು ಸಾವಿರಾರು ಜನರನ್ನು ಗುಣ ಮಾಡಿ ಕಳಿಸಿದ್ದಾರೆ, ಅದು ಬೇರೆ ಮಾತು. ಆದರೆ ಅಷ್ಟು ದೂರ ಒಮ್ಮೆ ಹೋಗಬಹುದು. ತಿಂಗಳು ತಿಂಗಳು ಹೋಗಲು ಕೂಲಿ ಮಾಡುವವನಿಗೆ ಆಗುತ್ತದಾ?

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆ ಅಂತಲೇ ಹೇಳುತ್ತದೆ. ಅದರ 18ನೇ ಕಲಮಿನಲ್ಲಿ ಒಂದು ಮಾತಿದೆ: ಚಿಕಿತ್ಸೆಗಾಗಿ ಯಾರೂ ಬಹಳ ದೂರ ಹೋಗುವಂತೆ ಆಗಬಾರದು, ಸೇವೆ ಅವರ ಮನೆಗೆ ಹತ್ತಿರ ಸಿಗಬೇಕು. ಇದು ಸರ್ಕಾರದ ಹೊಣೆ ಅಂತ ಬರೆದಿದೆ. ಇಲ್ಲಿ ಖಾಸಗಿಯಾಗಿ ಒಬ್ಬರು ಬಂದು ಹತ್ತಿರ ಕೂರುತ್ತೇನೆ ಅಂದರೆ ನಾವು ದೂರ ಹೋಗಿ ಅನ್ನುತ್ತಿದ್ದೇವೆ.

ಸಭೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಮಲ್ಲಾಪುರದಿಂದ, ಹಣಕೋಣದಿಂದ ಬಸ್ ಹತ್ತಿ ಬರುವವರಿಗೆ ಇನ್ನೆರಡು ಮೈಲಿ ಯಾವ ಲೆಕ್ಕ?" ಆ ಎರಡು ಮೈಲಿಯೇ ಲೆಕ್ಕ ಅಂತ ನಾನು ಹೇಳಿದೆ. ಬಸ್ ನಿಲ್ದಾಣದವರೆಗೆ ಬರಲು ನೂರು ಕಾರಣ ಇರುತ್ತವೆ. ಅಲ್ಲಿಂದ ಮುಂದೆ ಊರ ಹೊರಗಿನ ಕಟ್ಟಡಕ್ಕೆ ಹೋಗಲು ಒಂದೇ ಕಾರಣ. ಎರಡನೇ ಆಟೋ, ಎರಡನೇ ಖರ್ಚು, 'ಎಲ್ಲಿಗೆ ಹೊರಟ್ರಿ' ಅನ್ನುವ ಪ್ರಶ್ನೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಇದೇ ವಿಷಯ ಅಭ್ಯಾಸ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ. ಒಂದು ಮೈಲಿಯೊಳಗಿನಿಂದ ಬರುವವರು ಅದಕ್ಕಿಂತ ದೂರದಿಂದ ಬರುವವರಿಗಿಂತ ಚಿಕಿತ್ಸೆ ಪೂರ್ತಿ ಮಾಡುವ ಸಾಧ್ಯತೆ 50% ಜಾಸ್ತಿ ಇತ್ತು. ಬಸ್ಸು, ರೈಲು ಇರುವ ದೊಡ್ಡ ಊರಿನಲ್ಲೇ ಒಂದು ಮೈಲಿ ಇಷ್ಟು ವ್ಯತ್ಯಾಸ ಮಾಡುತ್ತದೆ.

ಪೇಟೆಯ ಇನ್ನೊಂದು ಗುಣ ಮರೆ ಮಾಡುವುದು. ಇದನ್ನು ನಾನು ತುಂಬ ಯೋಚಿಸಿದ್ದೇನೆ. ಕಾರವಾರ ಸಣ್ಣ ಊರು. ಕೋಡಿಬಾಗದಲ್ಲಿ ಸೀನಿದರೆ ಕಾಜುಬಾಗದಲ್ಲಿ ಸುದ್ದಿ. ಹೀಗಿರುವಾಗ ಪೇಟೆ ನಡುವೆ ಕ್ಲಿನಿಕ್ ಇದ್ದರೆ ಎಲ್ಲರೂ ನೋಡುವುದಿಲ್ವಾ, ಜನ ನಾಚಿಕೆಯಿಂದ ಬರುವುದೇ ಇಲ್ಲ ಅಂತ ಹೇಳುತ್ತಾರೆ. ನನಗೆ ಕಂಡದ್ದು ಉಲ್ಟಾ. ಆ ಕಟ್ಟಡದ ನೆಲ ಮಹಡಿಯಲ್ಲಿ ಬಟ್ಟೆ ಅಂಗಡಿ, ಪಕ್ಕದಲ್ಲಿ ಝೆರಾಕ್ಸ್, ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ರಕ್ತ ಪರೀಕ್ಷೆ ಲ್ಯಾಬು, ಮೇಲೆ ಒಬ್ಬ ವಕೀಲರ ಆಫೀಸು. ಮುಂದಿನ ಮೆಟ್ಟಿಲು ಎಲ್ಲರಿಗೂ ಒಂದೇ. ಅದನ್ನು ಹತ್ತುವವನು ಹಲ್ಲು ಕೀಳಿಸಲು ಹೋಗುತ್ತಿದ್ದಾನೋ, ಜಾಗದ ವ್ಯಾಜ್ಯಕ್ಕೆ ಹೋಗುತ್ತಿದ್ದಾನೋ ಯಾರು ಹೇಳಬಲ್ಲರು? ಊರ ಹೊರಗೆ, ಗದ್ದೆ ಬದಿಯ ಒಂಟಿ ಕಟ್ಟಡಕ್ಕೆ 'ವ್ಯಸನಮುಕ್ತಿ ಕೇಂದ್ರ' ಅಂತ ಬೋರ್ಡ್ ಹಾಕಿದರೆ, ಅದರ ಎದುರು ಬಸ್ಸಿನಿಂದ ಇಳಿದವನ ಕಥೆ ಬಸ್ಸಿನಲ್ಲಿ ಇದ್ದವರಿಗೆಲ್ಲ ಗೊತ್ತಾಗಿಹೋಯಿತು.

ಎಚ್‌ಐವಿ ವಿಷಯದಲ್ಲಿ ಇದನ್ನು ನಾವು ನೋಡಿ ಆಗಿದೆ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಔಷಧಿ ಶುರು ಮಾಡಿದಾಗ ಎಷ್ಟು ಹೆದರಿಕೆ ಇತ್ತು ಅಂತ ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ಔಷಧಿ ಕೊಟ್ಟದ್ದು ಸಾಮಾನ್ಯ ಆಸ್ಪತ್ರೆಗಳಲ್ಲೇ, ಬೇರೆ ರೋಗಿಗಳು ಬರುವ ಗೇಟಿನಲ್ಲೇ. ಇವತ್ತು ಅದರ ಬಗ್ಗೆ ಯಾವ ಅಂಗಡಿಯವರೂ ಸಭೆ ಸೇರುವುದಿಲ್ಲ.

ಈಗ ಅಂಗಡಿಯವರ ಮಾತಿಗೆ ಬರುತ್ತೇನೆ. ಅವರು ನನ್ನ ಸ್ನೇಹಿತರು, ದಿನಾ ಜೊತೆಗೆ ಚಹಾ ಕುಡಿಯುವವರು. ಅವರ ಹೆದರಿಕೆಯನ್ನು ಕಲ್ಲು ಮನಸ್ಸು ಅಂತ ಹೇಳಿದರೆ ಅನ್ಯಾಯ. ಬಟ್ಟೆ ಅಂಗಡಿಯ ಅಣ್ಣ ಹೇಳಿದ್ದು ಹೀಗೆ: "ನನ್ನ ಗಿರಾಕಿ ಮುಕ್ಕಾಲು ಪಾಲು ಹೆಂಗಸ್ರು. ಮೆಟ್ಟಿಲ ಹತ್ರ ಕುಡ್ದವ್ರು ನಿಂತ್ರೆ ಅವ್ರು ಬರೂದಿಲ್ಲ. ಮದುವೆ ಸೀಸನ್ ಒಂದು ಹೋದ್ರೆ ನನ್ನ ವರ್ಷವೇ ಹೋಯ್ತು." ಅವರು ಸಾಲ ಮಾಡಿ ಅಂಗಡಿ ದೊಡ್ಡದು ಮಾಡಿದವರು. ಅವರ ಚಿಂತೆ ನಿಜವಾದದ್ದು.

ಆದರೆ ಕುಡಿದವರು ಮೆಟ್ಟಿಲ ಹತ್ತಿರ ಈಗಲೂ ಇದ್ದಾರೆ. ಬೆಳಿಗ್ಗೆ ಶಟರ್ ಎತ್ತುವ ಮೊದಲು ಒಬ್ಬಿಬ್ಬರನ್ನು ಎಬ್ಬಿಸಿ ಕಳಿಸುವುದು ನಮ್ಮೆಲ್ಲರ ದಿನಚರಿ. ನಮ್ಮ ಪೇಟೆಯಲ್ಲಿ ವೈನ್ ಶಾಪ್ ಇದೆ, ಬಾರ್ ಇದೆ. ಹತ್ತು ಹದಿನೈದು ಕಿ.ಮೀ. ಹೋದರೆ ಮಾಜಾಳಿ ಗಡಿ, ಅದರಾಚೆ ಗೋವಾದ ಅಗ್ಗದ ಬಾಟಲಿ. ಚೆಕ್‌ಪೋಸ್ಟ್‌ನಲ್ಲಿ ಹಿಡಿದ ಗೋವಾ ಮದ್ಯದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹಿಡಿಯದೆ ಬಂದದ್ದು ಎಷ್ಟೋ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮಳೆ, ಕೈಯಲ್ಲಿ ಕೆಲಸ ಇಲ್ಲ, ಊರಲ್ಲೇ ಇರಬೇಕು. ಆ ಎರಡು ತಿಂಗಳು ನಮ್ಮ ಬೀದಿ ಹೇಗಿರುತ್ತದೆ ಅಂತ ಬಟ್ಟೆ ಅಂಗಡಿಯ ಅಣ್ಣನಿಗೂ ಗೊತ್ತು. ಕ್ಲಿನಿಕ್ ಬಂದರೆ ಹೊಸದಾಗಿ ಕುಡುಕರು ಬರುವುದಿಲ್ಲ. ಇರುವವರಲ್ಲಿ ಕೆಲವರು ಬಿಡಲು ಬರುತ್ತಾರೆ, ಸ್ನಾನ ಮಾಡಿ, ಒಳ್ಳೆ ಅಂಗಿ ಹಾಕಿ, ಹೆಂಡತಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು. ಹಾಗೆ ಬಂದವರು ಕೆಳಗೆ ಇಳಿದು ಅದೇ ಅಂಗಡಿಯಲ್ಲಿ ಮಗುವಿಗೆ ಒಂದು ಫ್ರಾಕ್ ತೆಗೆದುಕೊಳ್ಳಲೂಬಹುದು.

ಬಾಲ್ಟಿಮೋರಿನಲ್ಲೇ ನಡೆದ ಇನ್ನೊಂದು ಅಭ್ಯಾಸ 2016ರಲ್ಲಿ ಪ್ರಕಟವಾಗಿದೆ. ಚಿಕಿತ್ಸಾ ಕೇಂದ್ರಗಳ ಸುತ್ತ, ಮದ್ಯದಂಗಡಿಗಳ ಸುತ್ತ, ಸಣ್ಣ ದಿನಸಿ ಅಂಗಡಿಗಳ ಸುತ್ತ ನಡೆದ ಹಿಂಸೆಯ ಅಪರಾಧಗಳನ್ನು ಲೆಕ್ಕ ಹಾಕಿ ಹೋಲಿಸಿ ನೋಡಿದ್ದರು. ಚಿಕಿತ್ಸಾ ಕೇಂದ್ರಗಳ ಸುತ್ತ ಮದ್ಯದಂಗಡಿಗಳ ಸುತ್ತ ನಡೆದದ್ದಕ್ಕಿಂತ ಕಡಿಮೆ ಇತ್ತು. ಸಣ್ಣ ಅಂಗಡಿಗಳ ಸುತ್ತ ನಡೆದದ್ದಕ್ಕಿಂತಲೂ ಕಡಿಮೆ.

ಅಮೆರಿಕದ ಪೇಟೆಗಳಲ್ಲಿ ಬೆಳಿಗ್ಗೆ ಕ್ಲಿನಿಕ್ ಎದುರು ಉದ್ದ ಸಾಲು ನಿಂತಿರುವ ಫೋಟೋವನ್ನು ಒಬ್ಬರು ಮೊಬೈಲಿನಲ್ಲಿ ತೋರಿಸಿದರು. ಇಲ್ಲೂ ಹೀಗೇ ಆಗುತ್ತದೆ ಅಂದರು. ಆ ಸಾಲಿಗೆ ಕಾರಣ ಬೇರೆ. ಅಲ್ಲಿ ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕಗಳ ಚಟಕ್ಕೆ ಮೆಥಡೋನ್ ಅನ್ನುವ ಔಷಧಿ ಕೊಡುತ್ತಾರೆ. ಅದನ್ನು ಔಷಧಿ ಅಂಗಡಿಯಲ್ಲಿ ಕೊಡುವಂತಿಲ್ಲ, ಪರವಾನಗಿ ಇರುವ ಕೇಂದ್ರಗಳಲ್ಲೇ ಕೊಡಬೇಕು. ಹೊಸಬರು ಹೆಚ್ಚಾಗಿ ದಿನಾ ಬಂದು ನರ್ಸ್ ಎದುರಿಗೇ ಕುಡಿಯಬೇಕು. ಕೆಲಸಕ್ಕೆ ಹೋಗುವ ಮೊದಲು ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ, ಸಾಲು ಆಗುತ್ತದೆ. ನಮ್ಮಲ್ಲಿ ಬರುವವರಲ್ಲಿ ಹೆಚ್ಚಿನವರದ್ದು ಮದ್ಯದ ತೊಂದರೆ. ಅದರ ಔಷಧಿಯನ್ನು ಚೀಟಿ ತಂದು ನನ್ನಂಥವರ ಹತ್ತಿರ ತೆಗೆದುಕೊಂಡು ಮನೆಗೆ ಹೋಗಬಹುದು. ದಿನಾ ಬರಬೇಕಾಗಿಲ್ಲ. ಹೊತ್ತು ಗೊತ್ತು ಮಾಡಿ ಕರೆದರೆ ಕಾಯುವ ಕೋಣೆಯಲ್ಲಿ ಒಂದೇ ಸಮಯಕ್ಕೆ ನಾಲ್ಕೈದು ಜನರಿಗಿಂತ ಜಾಸ್ತಿ ಇರುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರವೇ ಅದಕ್ಕಿಂತ ಜಾಸ್ತಿ ಜನ ಕೂತಿರುತ್ತಾರೆ.

ಅಂಗಡಿಯವರ ಒಂದು ಬೇಡಿಕೆ ನ್ಯಾಯವಾದದ್ದು. ಇಂಥ ಎಲ್ಲ ಸೇವೆಯನ್ನೂ ತಂದು ಒಂದೇ ಓಣಿಗೆ ತುಂಬಬಾರದು. ಒಂದು ಕ್ಲಿನಿಕ್ ಚೆನ್ನಾಗಿ ನಡೆಯುತ್ತಿದೆ ಅಂತ ಪಕ್ಕದಲ್ಲೇ ಹಾಸಿಗೆ ಇರುವ ಕೇಂದ್ರ ಮಾಡಿದರೆ ಅದು ಬೇರೆ ಲೆಕ್ಕ. ತಿಂಗಳುಗಟ್ಟಲೆ ಉಳಿಯುವ ಕೇಂದ್ರಕ್ಕೆ ಅಂಗಳ ಬೇಕು, ಗಾಳಿ ಬೇಕು, ಓಡಾಡಲು ಜಾಗ ಬೇಕು. ಅದು ಊರ ಅಂಚಿನಲ್ಲಿ ಇರಲಿ, ನನ್ನ ತಕರಾರಿಲ್ಲ. ಬೈಕ್ ನಿಲ್ಲಿಸುವ ಜಾಗದ ಗಲಾಟೆಯೂ ನಿಜ. ಅದು ಕ್ಲಿನಿಕ್ ಬಂದರೂ, ಮೊಬೈಲ್ ಅಂಗಡಿ ಬಂದರೂ ಇರುವ ಗಲಾಟೆ.

ಶಿಬಿರಗಳ ಮಾತು ಇಲ್ಲಿ ಹೇಳಲೇಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮ ಜಿಲ್ಲೆಯಲ್ಲೂ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಒಂದು ವಾರ ಒಂದು ಸಭಾಭವನದಲ್ಲಿ ಇಟ್ಟುಕೊಂಡು, ಊಟ ಹಾಕಿ, ಭಜನೆ, ವ್ಯಾಯಾಮ, ಮನೆಯವರನ್ನು ಕರೆಸಿ ಕಣ್ಣೀರು, ಪ್ರಮಾಣ. ಕಡೆಯ ದಿನ ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಿ ಕಳಿಸುತ್ತಾರೆ. ಆಮೇಲೆ ನವಜೀವನ ಸಮಿತಿ ಅಂತ ಮಾಡಿ ಬಿಟ್ಟವರನ್ನು ಸೇರಿಸುತ್ತಾರೆ. ಈ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವ. ಶಿಬಿರ ಮುಗಿಸಿ ಬಂದ ಕೆಲವರು ವರ್ಷಗಳಿಂದ ಮುಟ್ಟಿಲ್ಲ. ಕೆಲವರು ಮತ್ತೆ ಜಾರಿದ್ದಾರೆ. ಜಾರಿದವರಿಗೆ ಅದು ತಮ್ಮ ತಪ್ಪು ಅನ್ನಿಸಿ ಮುಖ ತೋರಿಸಲು ಆಗುವುದಿಲ್ಲ. ಈ ಕಾಯಿಲೆಯಲ್ಲಿ ಜಾರುವುದು ಇದ್ದದ್ದೇ, ಶುಗರ್ ಏರಿದರೆ ಡಾಕ್ಟರ ಹತ್ತಿರ ಹೋಗುವ ಹಾಗೆ ಮತ್ತೆ ಬಾ ಅಂತ ಹೇಳುವವರು ಬೇಕು. ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂಥ ಔಷಧಿಗಳಿವೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾದವು. ಶಿಬಿರದ ಒಂದು ವಾರಕ್ಕೆ ಇದು ಒಗ್ಗುವುದಿಲ್ಲ. ಶಿಬಿರಕ್ಕೆ ಪೇಟೆಯ ಕ್ಲಿನಿಕ್ ಜೊತೆಯಾದರೆ ಎರಡೂ ಗಟ್ಟಿಯಾಗುತ್ತವೆ.

ನಮ್ಮ ಜಿಲ್ಲೆಯ ಹೆಂಗಸರು ಕುಡಿತದ ವಿರುದ್ಧ ಬೀದಿಗೆ ಇಳಿದದ್ದು ಇವತ್ತು ನಿನ್ನೆಯಲ್ಲ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅಂದರೆ ಹಾಲಕ್ಕಿಗಳ ಹಾಡು ಅಂತ ನಾಡಿಗೆಲ್ಲ ಗೊತ್ತು, 2017ರಲ್ಲಿ ಪದ್ಮಶ್ರೀ ಬಂತು. ಆ ಅಜ್ಜಿ ತಮ್ಮೂರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಹಿಂದೆ ಇಂಥ ಎಷ್ಟೋ ಹೆಂಗಸರ ಕೂಗು ಇತ್ತು. ಸಾರಾಯಿ ಹೋಯಿತು, ಕುಡಿಯುವವರು ಬೇರೆ ಬಾಟಲಿಗೆ ಹೋದರು. ಅಂಗಡಿ ಮುಚ್ಚಿಸುವ ಹೋರಾಟ ಬೇಕೇ ಬೇಕು. ಮುಚ್ಚಿದ ಮಾರನೇ ದಿನ ನಡುಗುವ ಕೈಗೆ ಔಷಧಿ ಎಲ್ಲಿ ಅನ್ನುವ ಪ್ರಶ್ನೆಗೆ ಉತ್ತರವೂ ಬೇಕು.

ಡಾಕ್ಟರನ್ನು ಭೇಟಿ ಮಾಡಿದಾಗ ನಾನು ಒಂದು ಮಾತು ಕೇಳಿಕೊಂಡಿದ್ದೇನೆ: ಭಾನುವಾರ ತೆರೆಯಿರಿ. ಬೇಕಾದರೆ ಸೋಮವಾರ ರಜೆ ಮಾಡಿ. ಕಾರವಾರದ ಸಂತೆ ಭಾನುವಾರ. ಘಟ್ಟದ ಕೆಳಗಿನ ಹಳ್ಳಿಗಳಿಂದ, ಕದ್ರಾ ಕಡೆಯಿಂದ, ಸದಾಶಿವಗಡದ ಆಚೆಯಿಂದ ಅವತ್ತು ಜನ ಬಂದೇ ಬರುತ್ತಾರೆ. ತರಕಾರಿ, ಒಣಮೀನು, ಮೆಣಸಿನಕಾಯಿ ಕೊಳ್ಳಲು ಬಂದವರು ಚೀಲ ಹಿಡಿದುಕೊಂಡೇ ಮೇಲೆ ಹತ್ತಿ ಬರಬಹುದು. ಕೂಲಿಯವನಿಗೆ ಅವತ್ತು ಕೆಲಸ ತಪ್ಪಿದ ಲೆಕ್ಕ ಇಲ್ಲ. ಗಂಡ ಹೆಂಡತಿ ಜೊತೆಗೆ ಊರಿಗೆ ಬರುವ ದಿನವೂ ಅದೇ. ಸರ್ಕಾರಿ ಹೊರರೋಗಿ ವಿಭಾಗಕ್ಕೆ ಭಾನುವಾರ ರಜೆ ಇರುವುದರಿಂದ ಇವರು ಅವತ್ತು ತೆರೆದರೆ ಆ ಖಾಲಿ ಜಾಗವೂ ತುಂಬುತ್ತದೆ. ಡಾಕ್ಟರು ಕೂಡಲೇ ಒಪ್ಪಿದರು. ಸಂತೆ ದಿನದ ಗದ್ದಲದಲ್ಲಿ ಯಾರು ಯಾವ ಮೆಟ್ಟಿಲು ಹತ್ತಿದರು ಅಂತ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಬೋರ್ಡ್ ವಿಷಯದಲ್ಲೂ ಮಾತಾಯಿತು. ಡಾಕ್ಟರ ಹೆಸರು, ಡಿಗ್ರಿ, ಸಮಯ ಇಷ್ಟೇ ಸಾಕು ಅಂತ ಅವರೇ ಹೇಳಿದರು. ಬಂದವರ ವಿಷಯ ಗುಟ್ಟಾಗಿ ಇಡುವುದು ಕಾಯ್ದೆಯಲ್ಲೇ ಇರುವ ರೋಗಿಯ ಹಕ್ಕು. ನನ್ನ ರಿಜಿಸ್ಟರಿಗೂ ಅದೇ ಎಚ್ಚರ ಬೇಕು ಅಂತ ನಮ್ಮ ಅಂಗಡಿಯ ಹುಡುಗರಿಗೆ ಕೂರಿಸಿ ಹೇಳಿದ್ದೇನೆ. ಚೀಟಿ ನೋಡಿ ಜೋರಾಗಿ ಔಷಧಿಯ ಹೆಸರು ಹೇಳಬಾರದು. ಗುರುತಿನವರು ಬಂದರೆ 'ಏನು ಇಲ್ಲಿ' ಅಂತ ಕೇಳಬಾರದು.

ಕ್ಲಿನಿಕ್ ಆಗುವವರೆಗೂ ಕಾಯಲು ಆಗದವರಿಗಾಗಿ ಎರಡು ನಂಬರ್ ಹೇಳುತ್ತೇನೆ. ಚಟದ ತೊಂದರೆಗೆ ಕೇಂದ್ರ ಸರ್ಕಾರದ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ದಿನಾ ಕುಡಿಯುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಹಠ ಮಾಡಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರೆ, ಮಾತು ಅಸಂಬದ್ಧವಾದರೆ ಸೀದಾ ಆಸ್ಪತ್ರೆಗೆ ಹೋಗಿ.

ಕಟ್ಟಡದ ಮಾಲೀಕರು ಈಗ ನಡುವಿನ ಒಂದು ದಾರಿ ಹೇಳಿದ್ದಾರೆ. ಕಟ್ಟಡದ ಹಿಂದೆ, ಗಟಾರದ ಬದಿಯ ಓಣಿಯಲ್ಲಿ ಒಂದು ಕಬ್ಬಿಣದ ಮೆಟ್ಟಿಲಿದೆ. ಕ್ಲಿನಿಕ್‌ಗೆ ಬರುವವರು ಅದರಲ್ಲಿ ಹತ್ತಿ ಬರಲಿ, ಮುಂದಿನವರಿಗೂ ತೊಂದರೆ ಇಲ್ಲ, ಅವರಿಗೂ ನಾಚಿಕೆ ಇಲ್ಲ ಅಂತ. ಅಂಗಡಿಯವರು ಹೆಚ್ಚಿನವರು ಇದಕ್ಕೆ ತಲೆ ಆಡಿಸಿದ್ದಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ನಾನೂ ಡಾಕ್ಟರೂ ಇದನ್ನು ಒಪ್ಪಿಲ್ಲ. ಬೇರೆ ಯಾರೂ ಬಳಸದ ಮೆಟ್ಟಿಲು ಹತ್ತಿದವನನ್ನು ಗುರುತಿಸಲು ಎರಡನೇ ನೋಟ ಬೇಡ. ಮಳೆಗಾಲದಲ್ಲಿ ಆ ಓಣಿಯಲ್ಲಿ ಮೊಣಕಾಲವರೆಗೆ ನೀರು ನಿಲ್ಲುತ್ತದೆ, ಸಂಜೆ ಆದರೆ ದೀಪ ಇಲ್ಲ. ನಡುಗುವ ಕಾಲಿನ ಗಂಡನನ್ನು ಹಿಡಿದುಕೊಂಡು ಒಬ್ಬ ಹೆಂಗಸು ಅಲ್ಲಿಂದ ಹೇಗೆ ಹತ್ತಿ ಬರಬೇಕು? ಹಲ್ಲಿನ ಡಾಕ್ಟರ ಹತ್ತಿರ, ವಕೀಲರ ಹತ್ತಿರ ಹೋಗುವವರ ಮೆಟ್ಟಿಲನ್ನೇ ಇವರಿಗೂ ಕೊಡಿ ಅಂತ ಬರೆದು ಕೊಟ್ಟಿದ್ದೇವೆ. ಹಲ್ಲಿನ ಡಾಕ್ಟರೂ ಅದಕ್ಕೆ ಸಹಿ ಹಾಕಿದ್ದಾರೆ. ಬಟ್ಟೆ ಅಂಗಡಿಯ ಅಣ್ಣ ಇನ್ನೂ ಹಾಕಿಲ್ಲ, ಆದರೆ ಹಾಕುವುದಿಲ್ಲ ಅಂತಲೂ ಹೇಳಿಲ್ಲ. ಚೌತಿ ಮುಗಿದ ಮೇಲೆ ಮತ್ತೆ ಕೂತು ಮಾತಾಡೋಣ ಅಂದಿದ್ದಾರೆ.